ದಾದಾಭಾಯಿ ನವರೋಜಿ

ದಾದಾಭಾಯಿ ನವರೋಜಿ (ಸೆಪ್ಟೆಂಬರ್ 4, 1825 – ಜೂನ್ 30, 1917) ಭಾರತದ ರಾಷ್ಟ್ರೀಯ ಚಳವಳಿಯ ಮೊದಲ ತಲೆಮಾರಿನ ನಾಯಕರು. ಗಣಿತದ ಪ್ರಾಧ್ಯಾಪಕರಾಗಿ, ವರ್ತಕರಾಗಿ, ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿ ದುಡಿದ ಇವರು 1886, 1893 ಮತ್ತು 1906ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 'ಭಾರತದ ಪಿತಾಮಹ' ಎಂಬ ಹೆಸರಿನಿಂದಲೂ ಪ್ರಸಿದ್ಧರು. ಶಾಲಾ ಪಠ್ಯಗಳಲ್ಲಿ ಇವರ ಹೆಸರು ಸಾಮಾನ್ಯವಾಗಿ 'ಸಂಪತ್ತಿನ ಸೋರಿಕೆ ಸಿದ್ಧಾಂತ'ದೊಂದಿಗೆ ಬರುತ್ತದೆ. ಆ ಸಿದ್ಧಾಂತಕ್ಕೆ ಆಧಾರವಾದ ಲೆಕ್ಕಾಚಾರವು ಅಷ್ಟಾಗಿ ಪರಿಚಿತವಲ್ಲ.

ಆರಂಭಿಕ ಜೀವನ

ನವರೋಜಿಯವರು ಬಡ ಪಾರ್ಸಿ ಪುರೋಹಿತ ಕುಟುಂಬದಲ್ಲಿ ಜನಿಸಿದರು. ಜನ್ಮಸ್ಥಳವನ್ನು ಕೆಲವು ಗ್ರಂಥಗಳು ಮುಂಬಯಿ ಎಂದೂ, ಕೆಲವು ಗುಜರಾತಿನ ನವಸಾರಿ ಎಂದೂ ದಾಖಲಿಸುತ್ತವೆ. ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರನ್ನು ಸಾಕಿ ಓದಿಸಿದವರು ತಾಯಿ ಮಾಣೆಕ್‌ಬಾಯಿ. ಆಗ ಮುಂಬಯಿಯಲ್ಲಿ ಶಿಕ್ಷಣ ಉಚಿತವಾಗಿತ್ತು. ಶುಲ್ಕವಿದ್ದಿದ್ದರೆ ತಾಯಿಗೆ ತಮ್ಮನ್ನು ಓದಿಸಲು ಸಾಧ್ಯವಾಗುತ್ತಿರಲಿಲ್ಲವೆಂದು ನವರೋಜಿಯವರು ಮುಂದೆ ಬರೆದಿದ್ದಾರೆ. ಜನರ ಹಣದಿಂದ ಪಡೆದ ವಿದ್ಯೆಯನ್ನು ಜನರಿಗೇ ಹಿಂದಿರುಗಿಸಬೇಕೆಂಬ ಅವರ ನಿಲುವಿಗೆ ಇದೇ ಮೂಲ.

ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, 1850ರ ದಶಕದಲ್ಲಿ ಅಲ್ಲಿಯೇ ಗಣಿತ ಮತ್ತು ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಆ ಹುದ್ದೆಗೇರಿದ ಮೊದಲ ಭಾರತೀಯರು ಇವರೇ. ಇದಕ್ಕೂ ಮುನ್ನ, 1849ರಲ್ಲಿ, ಗೆಳೆಯರೊಂದಿಗೆ ಸೇರಿ ಮುಂಬಯಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದಿದ್ದರು. 1851ರಲ್ಲಿ 'ರಾಸ್ತ್ ಗೋಫ್ತಾರ್' ಎಂಬ ಗುಜರಾತಿ ಪತ್ರಿಕೆಯನ್ನು ಆರಂಭಿಸಿದರು.

ಲಂಡನ್ನಿನಲ್ಲಿ

1855ರಲ್ಲಿ ಕಾಮಾ ಕುಟುಂಬದ ವ್ಯಾಪಾರ ಸಂಸ್ಥೆಯ ಪಾಲುದಾರರಾಗಿ ಇಂಗ್ಲೆಂಡಿಗೆ ತೆರಳಿದರು. ಕೆಲವು ವರ್ಷಗಳ ನಂತರ ಅದರಿಂದ ಹೊರಬಂದು ಸ್ವಂತ ಹತ್ತಿ ವ್ಯಾಪಾರ ನಡೆಸಿದರು. ಜೊತೆಗೆ ಯೂನಿವರ್ಸಿಟಿ ಕಾಲೇಜಿನಲ್ಲಿ ಗುಜರಾತಿ ಪ್ರಾಧ್ಯಾಪಕರಾಗಿಯೂ ಇದ್ದರು. 1866ರಲ್ಲಿ ಸ್ಥಾಪಿಸಿದ ಈಸ್ಟ್ ಇಂಡಿಯಾ ಅಸೋಸಿಯೇಷನ್ ಅವರ ವಾದಗಳಿಗೆ ವೇದಿಕೆಯಾಯಿತು. ಮರುವರ್ಷ ಅಲ್ಲಿ ಓದಿದ ಪ್ರಬಂಧಗಳಲ್ಲಿ ಒಂದು ಮೈಸೂರು ಸಂಸ್ಥಾನವನ್ನು ಕುರಿತದ್ದು. 1831ರಿಂದ ಬ್ರಿಟಿಷ್ ಆಡಳಿತದಲ್ಲಿದ್ದ ಆ ಸಂಸ್ಥಾನ ಒಡೆಯರ ವಂಶಕ್ಕೆ ಮರಳಿದ್ದು 1881ರಲ್ಲಿ.

ತಲಾ ಆದಾಯದ ಲೆಕ್ಕ

ಬ್ರಿಟಿಷ್ ಆಡಳಿತದಲ್ಲಿ ಭಾರತ ಸಮೃದ್ಧವಾಗುತ್ತಿದೆ ಎಂಬುದು ಸರ್ಕಾರದ ವಾದವಾಗಿತ್ತು. ಇದನ್ನು ಅಲ್ಲಗಳೆಯಲು ನವರೋಜಿಯವರು ಹೊರಗಿನ ಸಾಕ್ಷ್ಯವನ್ನು ಹುಡುಕಲಿಲ್ಲ. ಪ್ರಾಂತಗಳ ಆಡಳಿತ ವರದಿಗಳು, ಸಂಸತ್ತಿಗೆ ಸಲ್ಲಿಸಲಾದ ದಾಖಲೆಗಳು, ಬಂದರುಗಳ ವ್ಯಾಪಾರದ ಲೆಕ್ಕಗಳು — ಸರ್ಕಾರವೇ ಅಚ್ಚು ಹಾಕಿಸಿದ ಪುಟಗಳನ್ನು ಅವರು ಓದಿ ಕೂಡಿಸಿದರು. ಪ್ರಾಂತವೊಂದರಲ್ಲಿ ಯಾವ ಬೆಳೆ ಎಷ್ಟು ಎಕರೆಯಲ್ಲಿದೆ, ಎಕರೆಗೆ ಇಳುವರಿ ಎಷ್ಟು, ಬೆಲೆ ಎಷ್ಟು ಎಂದು ಗುಣಿಸಿ, ಅದಕ್ಕೆ ಉಪ್ಪು, ಅಫೀಮು, ಕಲ್ಲಿದ್ದಲು, ಕೈಗಾರಿಕೆಗಳ ಉತ್ಪನ್ನವನ್ನು ಸೇರಿಸುವುದು ಅವರ ಕ್ರಮ. 1867–68ರ ಸುಮಾರಿಗೆ ಬ್ರಿಟಿಷ್ ಇಂಡಿಯಾದ 17 ಕೋಟಿ ಜನರ ಒಟ್ಟು ಉತ್ಪನ್ನ 34 ಕೋಟಿ ಪೌಂಡುಗಳೆಂದು ಲೆಕ್ಕ ಹಾಕಿದರು. ಅಂದಿನ ವಿನಿಮಯ ದರದಲ್ಲಿ ಇದು ತಲೆಗೆ ವರ್ಷಕ್ಕೆ 20 ರೂಪಾಯಿ.

ಈ ಕೆಲಸದಲ್ಲಿ ಅವರು ಸರ್ಕಾರಿ ವರದಿಗಳ ಒಂದು ಮೂಲಭೂತ ದೋಷವನ್ನು ಗುರುತಿಸಿದರು. ಅಧಿಕಾರಿಗಳು ಜಿಲ್ಲೆಗಳ ಇಳುವರಿಯನ್ನು ಕೂಡಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತಿದ್ದರು. ಯಾವ ಜಿಲ್ಲೆಯಲ್ಲಿ ಎಷ್ಟು ಎಕರೆ ಸಾಗುವಳಿಯಿದೆ ಎಂಬುದನ್ನು ಗಣಿಸುತ್ತಿರಲಿಲ್ಲ. ಉದಾಹರಣೆಗೆ, ಒಂದು ಜಿಲ್ಲೆಯ 1,00,000 ಎಕರೆಯಲ್ಲಿ ಎಕರೆಗೆ 600 ಪೌಂಡ್ ಧಾನ್ಯವೂ, ಇನ್ನೊಂದರ 5,000 ಎಕರೆಯಲ್ಲಿ ಎಕರೆಗೆ 1,000 ಪೌಂಡ್ ಧಾನ್ಯವೂ ಬೆಳೆಯುತ್ತದೆ ಎಂದುಕೊಂಡರೆ, ಅಧಿಕಾರಿಗಳ ಕ್ರಮದಲ್ಲಿ ಸರಾಸರಿ 800 ಪೌಂಡ್. ಒಟ್ಟು ಧಾನ್ಯವನ್ನು ಒಟ್ಟು ಎಕರೆಯಿಂದ ಭಾಗಿಸಿದರೆ ಸಿಗುವುದು ಸುಮಾರು 619 ಪೌಂಡ್ ಮಾತ್ರ. ಬೆಲೆಗಳ ಸರಾಸರಿಯಲ್ಲೂ ಇದೇ ತಪ್ಪಿತ್ತು. ಗಣಿತದ ಅಧ್ಯಾಪಕರ ಕಣ್ಣಿಗೆ ಇದು ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಆಡಳಿತಗಾರರ ಕಣ್ಣಿಗೆ ಬೀಳದೆ ಹೋದದ್ದೇ ಆಶ್ಚರ್ಯ.

ಅವರ ಇನ್ನೊಂದು ಹೋಲಿಕೆ ಹೆಚ್ಚು ಹರಿತವಾದದ್ದು. ಸೆರೆಮನೆಯ ಕೈದಿಯ ಊಟ ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ವೆಚ್ಚವನ್ನು ಅವರು ಪ್ರತಿ ಪ್ರಾಂತದ ತಲಾ ಉತ್ಪನ್ನದ ಪಕ್ಕದಲ್ಲಿಟ್ಟರು. ಅಪರಾಧಿಗೆ ಸಿಗುವಷ್ಟೂ ದುಡಿಯುವ ರೈತನಿಗೆ ಸಿಗುತ್ತಿಲ್ಲವೆಂಬುದು ಸರ್ಕಾರದ ಅಂಕಿಗಳಿಂದಲೇ ಹೊರಬಿತ್ತು. ಈ ವಿವರಗಳನ್ನು 1876ರಲ್ಲಿ ಅಸೋಸಿಯೇಷನ್ನಿನ ಮುಂಬಯಿ ಶಾಖೆಯ ಮುಂದೆ ಓದಿದರು.

1882ರಲ್ಲಿ ಬೇರಿಂಗ್ ಮತ್ತು ಬಾರ್ಬರ್ ಎಂಬ ಅಧಿಕಾರಿಗಳು ತಲಾ ಆದಾಯ 27 ರೂಪಾಯಿ ಎಂದರು. 1901ರಲ್ಲಿ ವೈಸರಾಯ್ ಕರ್ಜನ್ 30 ರೂಪಾಯಿ ಎಂದರು. ಬೇರಿಂಗ್ ಅವರ ಲೆಕ್ಕದ ವಿವರಗಳನ್ನು ನವರೋಜಿಯವರು ಕೇಳಿದರೂ ದೊರೆಯಲಿಲ್ಲ. ಅವರ ಅಂದಾಜಿಗೂ ಮಿತಿಗಳಿವೆ: ಬೆಳೆಗಳ ಮೂಲ ಅಂಕಿಗಳು ಅಪೂರ್ಣವಾಗಿದ್ದವು, ಸಾರಿಗೆ ಮುಂತಾದ ಸೇವೆಗಳ ಮೌಲ್ಯ ಸೇರಿರಲಿಲ್ಲ. ಆದರೆ ಅವರ ಲೆಕ್ಕದ ಪ್ರತಿ ಹೆಜ್ಜೆಯೂ ಅಚ್ಚಿನಲ್ಲಿರುವುದರಿಂದ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. ಮುಂದೆ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ವಿಸ್ತಾರವಾಗಿ ಅಂದಾಜು ಮಾಡಿದವರು, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸ್ಥಾಪಕ ವಿ.ಕೆ.ಆರ್.ವಿ. ರಾವ್.

ಸಂಪತ್ತಿನ ಸೋರಿಕೆ

ಭಾರತದ ರಫ್ತು ಆಮದನ್ನು ಮೀರಿತ್ತು. ಆದರೆ ಹೆಚ್ಚುವರಿಯ ಹಣ ದೇಶಕ್ಕೆ ಹಿಂದಿರುಗುತ್ತಿರಲಿಲ್ಲ. ಯುರೋಪಿಯನ್ ಅಧಿಕಾರಿಗಳು ಸ್ವದೇಶಕ್ಕೆ ಕಳುಹಿಸುತ್ತಿದ್ದ ಸಂಬಳದ ಉಳಿತಾಯ, ಪಿಂಚಣಿ, ಲಂಡನ್ನಿನ ಇಂಡಿಯಾ ಕಚೇರಿಯ ವೆಚ್ಚ, ಸಾಲದ ಬಡ್ಡಿ ಇವುಗಳಿಗೆ ಅದು ಸಂದಾಯವಾಗುತ್ತಿತ್ತು. ಇದನ್ನೇ ನವರೋಜಿಯವರು ಸೋರಿಕೆ ಎಂದು ಕರೆದರು. ಹಣದೊಂದಿಗೆ ಆಡಳಿತದ ಅನುಭವವೂ ನಿವೃತ್ತ ಅಧಿಕಾರಿಗಳ ಜೊತೆ ಹಡಗು ಹತ್ತುತ್ತದೆ ಎಂಬುದು ಅವರ ವಾದದ ಇನ್ನೊಂದು ಮುಖ. ಉನ್ನತ ಹುದ್ದೆಗಳಲ್ಲಿ ಭಾರತೀಯರನ್ನು ನೇಮಿಸಬೇಕೆಂಬ ಬೇಡಿಕೆ ಹುಟ್ಟಿದ್ದು ಇದರಿಂದಲೇ. ಈ ಬರಹಗಳು 1901ರಲ್ಲಿ 'ಪಾವರ್ಟಿ ಅಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ' ಗ್ರಂಥವಾಗಿ ಪ್ರಕಟವಾದವು.

ಸಂಸತ್ತಿನಲ್ಲಿ

1886ರಲ್ಲಿ ಹೋಲ್ಬರ್ನ್ ಕ್ಷೇತ್ರದಲ್ಲಿ ಸೋತರು. ಬ್ರಿಟಿಷ್ ಮತದಾರರು ಕಪ್ಪು ಮನುಷ್ಯನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲವೆಂದು 1888ರಲ್ಲಿ ಪ್ರಧಾನಿ ಸಾಲ್ಸ್‌ಬರಿ ಹೇಳಿದ ಮಾತು ನವರೋಜಿಯವರ ಹೆಸರನ್ನು ಮನೆಮನೆಗೆ ತಲುಪಿಸಿತು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಕೇವಲ ಐದು ಮತಗಳ ಅಂತರದಲ್ಲಿ ಗೆದ್ದರು. ಭಾರತ ಮತ್ತು ಇಂಗ್ಲೆಂಡ್ ಎರಡರಲ್ಲೂ ಏಕಕಾಲಕ್ಕೆ ನಾಗರಿಕ ಸೇವಾ ಪರೀಕ್ಷೆ ನಡೆಯಬೇಕೆಂಬ ನಿರ್ಣಯಕ್ಕೆ 1893ರಲ್ಲಿ ಕಾಮನ್ಸ್ ಸಭೆ ಒಪ್ಪಿತಾದರೂ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. 1895ರ ಚುನಾವಣೆಯಲ್ಲಿ ಸೋತರು.

ಕಾಮನ್ಸ್ ಸಭೆಯ ಮೊದಲ ಭಾರತೀಯ ಸದಸ್ಯರೆಂದು ಇವರನ್ನು ಕರೆಯುವುದು ರೂಢಿ. ಮಿಶ್ರ ಮೂಲದ ಡೈಸ್ ಸೋಂಬರ್ 1841ರಲ್ಲಿಯೇ ಆಯ್ಕೆಯಾಗಿ, ಚುನಾವಣಾ ಭ್ರಷ್ಟಾಚಾರದ ಕಾರಣ ಸ್ಥಾನ ಕಳೆದುಕೊಂಡಿದ್ದರು. ಈ ರೂಢಿಯ ಮಾತನ್ನು ಬಳಸುವಾಗ ಅದನ್ನು ಗಮನದಲ್ಲಿಡಬೇಕು.

ಕೊನೆಯ ವರ್ಷಗಳು

1906ರ ಕಲ್ಕತ್ತಾ ಅಧಿವೇಶನದಲ್ಲಿ, 81ನೆಯ ವಯಸ್ಸಿನಲ್ಲಿ, ಅಧ್ಯಕ್ಷ ಭಾಷಣದಲ್ಲಿ 'ಸ್ವರಾಜ್ಯ'ವನ್ನು ಕಾಂಗ್ರೆಸ್ಸಿನ ಗುರಿಯಾಗಿ ಘೋಷಿಸಿದರು. ಅರ್ಜಿ ಮತ್ತು ಅಂಕಿಗಳಲ್ಲಿ ನಾಲ್ಕು ದಶಕ ಕಳೆದವರು ಈ ಮಾತಿಗೆ ಬಂದದ್ದು ಗಮನಾರ್ಹ. ನಂತರ ವರ್ಸೋವಾದಲ್ಲಿ ವಿಶ್ರಾಂತ ಜೀವನ ನಡೆಸಿ, 1917ರಲ್ಲಿ ಮುಂಬಯಿಯಲ್ಲಿ ನಿಧನರಾದರು.

ಅಧ್ಯಯನ ಸಾಮಗ್ರಿ

ನವರೋಜಿಯವರ ಪತ್ರಸಂಗ್ರಹ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಆರ್.ಪಿ. ಮಸಾನಿ ಅವರು 1939ರಲ್ಲಿ ಬರೆದ ಜೀವನಚರಿತ್ರೆಯೂ ದಿನ್ಯಾರ್ ಪಟೇಲ್ ಅವರ 2020ರ ಗ್ರಂಥವೂ ಮುಖ್ಯವಾದವು. ಎರಡನೆಯದು ಆ ಪತ್ರಗಳನ್ನು ವ್ಯಾಪಕವಾಗಿ ಬಳಸಿಕೊಂಡಿದೆ. ಸಂಸತ್ತಿನ ಭಾಷಣಗಳು 'ಹ್ಯಾನ್ಸಾರ್ಡ್' ಎಂಬ ಅಧಿಕೃತ ಕಡತದಲ್ಲಿ ಅಂತರಜಾಲದಲ್ಲಿಯೂ ಲಭ್ಯವಿವೆ. ಶಾಲಾ ಯೋಜನೆಗೆ 1901ರ ಗ್ರಂಥದ ಮೊದಲ ಭಾಗವೇ ಸಾಕಷ್ಟು ಸಾಮಗ್ರಿ ಒದಗಿಸುತ್ತದೆ: ಅಲ್ಲಿನ ಒಂದು ಪ್ರಾಂತದ ಕೋಷ್ಟಕವನ್ನು ಆರಿಸಿಕೊಂಡು ಎಕರೆ, ಇಳುವರಿ, ಬೆಲೆಗಳನ್ನು ಮತ್ತೊಮ್ಮೆ ಗುಣಿಸಿ ನೋಡಬಹುದು.