ಮನೆಯ ಪುಸ್ತಕಪಟ್ಟಿ: ಬರೆಯುವ ಬಗೆ, ಉಳಿಸುವ ಬಗೆ

ಹೊರನಾಡಿನಲ್ಲಿ ನೆಲೆನಿಂತ ಕನ್ನಡಿಗರ ಮನೆಗೆ ಪುಸ್ತಕಗಳು ಒಂದೊಂದಾಗಿ ಬಂದು ಸೇರುತ್ತವೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಕೊಂಡದ್ದು, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ರಿಯಾಯಿತಿ ದರಕ್ಕೆ ದೊರೆತದ್ದು, ಸಂಘದ ಸಮಾರಂಭದಲ್ಲಿ ಲೇಖಕರೇ ಸಹಿ ಹಾಕಿ ಕೊಟ್ಟದ್ದು, ಊರಿಗೆ ಮರಳಿದ ನೆರೆಮನೆಯವರು ಬಿಟ್ಟುಹೋದದ್ದು. ಹೀಗೆ ಮೂವತ್ತು ನಲವತ್ತು ವರ್ಷಗಳಲ್ಲಿ ಎರಡು ಕೋಣೆಯ ಮನೆಯಲ್ಲಿಯೂ ಒಂದು ಚಿಕ್ಕ ಗ್ರಂಥಭಂಡಾರ ಬೆಳೆದಿರುತ್ತದೆ. ಯಾವ ಪುಸ್ತಕ ಕಪಾಟಿನಲ್ಲಿದೆ, ಯಾವುದು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ, ಯಾವುದು ಯಾರ ಮನೆಯಲ್ಲಿ ಉಳಿದಿದೆ ಎಂಬುದು ಸಾಮಾನ್ಯವಾಗಿ ಮನೆಯ ಒಬ್ಬರಿಗೆ ಮಾತ್ರ ಗೊತ್ತು.

ಕಳೆದ ಮಳೆಗಾಲದಲ್ಲಿ ಮುಂಬಯಿಯ ನಮ್ಮ ಹಿರಿಯ ಮಿತ್ರರೊಬ್ಬರು ತೀರಿಕೊಂಡರು. ಅವರ ಮನೆಯಲ್ಲಿ ಸಾವಿರಕ್ಕೂ ಮಿಕ್ಕಿ ಕನ್ನಡ ಪುಸ್ತಕಗಳಿದ್ದವು. ಅವುಗಳ ಪಟ್ಟಿಯನ್ನು ಅವರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಗಣಕಯಂತ್ರದಲ್ಲಿ ಬರೆದಿಟ್ಟಿದ್ದರೆಂಬುದು ನಮಗೆಲ್ಲ ತಿಳಿದಿತ್ತು. ತಿಂಗಳು ಕಳೆದ ಮೇಲೆ ಅವರ ಮಗಳು ನಮಗೆ ಒಂದು ಪೆನ್‌ಡ್ರೈವ್ ತಂದುಕೊಟ್ಟು, "ಅಂಕಲ್, ಅಪ್ಪನ ಲಿಸ್ಟ್ ಇದರಲ್ಲಿದೆ. ಆದರೆ ಫೈಲು ಕೆಟ್ಟುಹೋಗಿದೆ, ಏನೂ ಓದಲಿಕ್ಕೆ ಆಗುವುದಿಲ್ಲ. ಅಳಿಸಿಬಿಡಲೇ ಎಂದುಕೊಂಡೆ" ಎಂದಳು. ತೆರೆದು ನೋಡಿದೆವು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ನೆತ್ತಿಯ ಮೇಲೆ ಗೀಟು ಹೊತ್ತ ಎ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು. ಕಡತ ಕೆಟ್ಟಿರಲಿಲ್ಲ. ಅದನ್ನು ಓದುವ ಕಣ್ಣು ಮಾತ್ರ ಆ ಯಂತ್ರದಲ್ಲಿ ಇರಲಿಲ್ಲ.

ಪುಸ್ತಕಪಟ್ಟಿಯನ್ನು ಏಕೆ ಬರೆಯಬೇಕು, ಹೇಗೆ ಬರೆಯಬೇಕು, ಯಂತ್ರ ಬದಲಾದರೂ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಓದುಗ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿದ್ದೇವೆ.

ಪಟ್ಟಿಯ ಪರಂಪರೆ

ಪುಸ್ತಕ ಅಳಿದ ಮೇಲೂ ಪಟ್ಟಿ ಉಳಿಯಬಲ್ಲದು ಎಂಬುದಕ್ಕೆ ನಮ್ಮ ಭಾಷೆಯಲ್ಲಿಯೇ ಸಾಕ್ಷ್ಯವಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದಲ್ಲಿ ನಮಗೆ ಉಪಲಬ್ಧವಿರುವ ಅತಿ ಪ್ರಾಚೀನ ಗ್ರಂಥ. ಅದರಲ್ಲಿ ಗದ್ಯಕಾರರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರುಗಳು ಬರುತ್ತವೆ. ಇವರ ಕನ್ನಡ ಕೃತಿಗಳಾವುವೂ ಇಂದು ದೊರೆಯುವುದಿಲ್ಲ. ಆ ಹೆಸರುಗಳ ಸಾಲೊಂದು ಉಳಿಯದಿದ್ದರೆ ಅಂಥ ಬರಹಗಾರರಿದ್ದರೆಂಬ ಸಂಗತಿಯೂ ನಮಗೆ ತಿಳಿಯುತ್ತಿರಲಿಲ್ಲ.

ಆಧುನಿಕ ಕಾಲದಲ್ಲಿ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಮೂರು ಸಂಪುಟಗಳಲ್ಲಿ 1907, 1919 ಮತ್ತು 1929ರಲ್ಲಿ ಪ್ರಕಟವಾಯಿತು. ಕವಿಗಳ ಕಾಲ, ಕೃತಿ, ಆಶ್ರಯದಾತರನ್ನು ಓಲೆಗರಿ ಮತ್ತು ಶಾಸನಗಳಿಂದ ಹುಡುಕಿ ಕ್ರಮವಾಗಿ ಜೋಡಿಸಿದ ಆ ಕೆಲಸದ ಮೇಲೆಯೇ ಮುಂದಿನ ಸಾಹಿತ್ಯ ಚರಿತ್ರೆಕಾರರು ತಮ್ಮ ಕಟ್ಟಡ ಕಟ್ಟಿದರು. ಮನೆಯ ಪಟ್ಟಿಗೆ ಅಷ್ಟು ದೊಡ್ಡ ಹೊಣೆಯಿಲ್ಲ. ಆದರೆ ಒಂದು ಕುಟುಂಬ ಪರನಾಡಿನಲ್ಲಿ ಏನನ್ನು ಓದಿ ಬಾಳಿತು ಎಂಬುದಕ್ಕೆ ಅದೊಂದೇ ದಾಖಲೆ.

ಅಕ್ಷರಗಳು ಏಕೆ ಕೆಡುತ್ತವೆ?

ನಮ್ಮ ಮಿತ್ರರ ಕಡತ ಓದಲಾಗದೆ ಹೋದುದಕ್ಕೆ ಕಾರಣ ಸರಳವಾಗಿದೆ. ಮೊದಲ ತಲೆಮಾರಿನ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸುತ್ತಿದ್ದವು. ತಲೆಕಟ್ಟು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ, ದೀರ್ಘದ ಗುರುತು ಮತ್ತೊಂದು ಕಡೆ. ಯಂತ್ರದ ನೆನಪಿನಲ್ಲಿ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರವೇ. ಫಾಂಟ್ ಎಂಬ ಕನ್ನಡಕ ಹಾಕಿಕೊಂಡಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಕನ್ನಡಕ ತೆಗೆದರೆ 'ಕನ್ನಡ' ಎಂಬ ಪದವೇ ಇಂಗ್ಲಿಷಿನ ಪಿ ಅಕ್ಷರದಿಂದ ಆರಂಭವಾಗುವ ಗೋಜಲಾಗಿಬಿಡುತ್ತಿತ್ತು.

ಇದರಿಂದ ಆ ತಂತ್ರಾಂಶಗಳ ಉಪಕಾರವನ್ನು ಮರೆಯಬೇಕಾಗಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ಸಾವಿರಾರು ಜನರಿಗೆ ಗಣಕದಲ್ಲಿ ಕನ್ನಡ ಬರೆಯುವ ದಾರಿ ತೋರಿಸಿದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಇಂದಿಗೂ ನಮ್ಮ ಬೆರಳುಗಳಿಗೆ ಪರಿಚಿತ. ಆ ಕಾಲಕ್ಕೆ ಬೇರೆ ಸುಲಭೋಪಾಯ ಇರಲಿಲ್ಲ.

ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗ ದೊರೆಯಿತು. ಆದರೆ ಮನೆಯ ಗಣಕಗಳಿಗೆ ಅದು ತಲುಪಲು ಹತ್ತು ವರ್ಷ ಬೇಕಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಯೂನಿಕೋಡ್ ಫಾಂಟ್ ಜೊತೆಗೇ ಇತ್ತು. ಯೂನಿಕೋಡಿನಲ್ಲಿ ಬರೆದದ್ದು ಯಾವ ಫಾಂಟ್‌ನಲ್ಲಿ ತೆರೆದರೂ ಕನ್ನಡವೇ ಆಗಿರುತ್ತದೆ.

ಆದುದರಿಂದ ಹಳೆಯ ಕಡತ ಓದಲಾಗದಂತೆ ಕಂಡರೆ ಮೊದಲ ನಿಯಮ: ಅಳಿಸಬೇಡಿ. ಅದರ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತನ್ನಿ. ಇಂಥ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಾಡಿಸುವುದು ಅವಶ್ಯ. ಅರ್ಕಾವೊತ್ತು ಸ್ಥಾನ ತಪ್ಪಿರಬಹುದು; ಅಂಕಿಗಳು ಬದಲಾಗಿರಬಹುದು; ಮೂಲದಲ್ಲಿಯೇ ಇಂಗ್ಲಿಷಿನಲ್ಲಿದ್ದ ಪದಗಳನ್ನು ಯಂತ್ರವು ಕನ್ನಡವೆಂದು ಭ್ರಮಿಸಿ ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿರಬಹುದು.

ಪಟ್ಟಿಯಲ್ಲಿ ಏನೇನಿರಬೇಕು?

ಎಂಟು ಅಂಕಣಗಳಿದ್ದರೆ ಮನೆಯ ಪಟ್ಟಿಗೆ ಸಾಕು:

1. ಕ್ರಮಸಂಖ್ಯೆ (ಇದನ್ನೇ ಪುಸ್ತಕದ ಒಳಪುಟದಲ್ಲಿ ಪೆನ್ಸಿಲಿನಿಂದ ಬರೆಯಬೇಕು)
2. ಶೀರ್ಷಿಕೆ
3. ಲೇಖಕರ ಹೆಸರು
4. ಪ್ರಕಾರ: ಕಾದಂಬರಿ, ಕವನ, ನಾಟಕ, ವಿಮರ್ಶೆ ಇತ್ಯಾದಿ
5. ಪ್ರಕಾಶಕರು ಮತ್ತು ನಮ್ಮ ಪ್ರತಿಯ ಮುದ್ರಣದ ವರ್ಷ
6. ಮನೆಯಲ್ಲಿ ಇರುವ ಸ್ಥಳ
7. ಎರವಲು: ಯಾರಿಗೆ, ಯಾವಾಗ
8. ಟಿಪ್ಪಣಿ

ಲೇಖಕರ ಹೆಸರಿನ ಅಂಕಣ ಕನ್ನಡದಲ್ಲಿ ವಿಶೇಷ ಎಚ್ಚರಿಕೆಯನ್ನು ಬೇಡುತ್ತದೆ. ದ. ರಾ. ಬೇಂದ್ರೆ ಎಂದು ಬರೆದರೆ ಯಂತ್ರವು ಅವರನ್ನು 'ದ' ಅಕ್ಷರದಲ್ಲಿ ಕೂರಿಸುತ್ತದೆ. ನಾವು 'ಬ'ದಲ್ಲಿ ಹುಡುಕುತ್ತೇವೆ. ಅವರೇ ಅಂಬಿಕಾತನಯದತ್ತ. ಮಾಸ್ತಿಯವರು ಶ್ರೀನಿವಾಸ, ಆದ್ಯ ರಂಗಾಚಾರ್ಯರು ಶ್ರೀರಂಗ, ಕುಳಕುಂದ ಶಿವರಾಯರು ನಿರಂಜನ, ಅನಸೂಯಾ ಶಂಕರ್ ಅವರು ತ್ರಿವೇಣಿ. ಹೊತ್ತಗೆಯ ಮೇಲೆ ಯಾವ ಹೆಸರು ಮುದ್ರಿತವಾಗಿದೆಯೋ ಅದನ್ನೇ ಮೊದಲು ಬರೆದು, ಇನ್ನೊಂದು ಹೆಸರನ್ನು ಟಿಪ್ಪಣಿಯಲ್ಲಿ ಸೇರಿಸುವುದು ಉತ್ತಮ. ಉಳಿದವರಿಗೆ ಮುಖ್ಯ ಹೆಸರು ಮೊದಲು, ಇನಿಷಿಯಲ್ ಅನಂತರ: 'ಚಿತ್ತಾಲ, ಯಶವಂತ, ಶಿಕಾರಿ, ಕಾದಂಬರಿ' ಎಂಬಂತೆ. ಮುಂಬಯಿಯ ಬದುಕನ್ನೇ ಹಿನ್ನೆಲೆಯಾಗಿ ಉಳ್ಳ ಆ ಕಾದಂಬರಿಯ ಮೊದಲ ಮುದ್ರಣ 1979ರದು. ಆ ವರ್ಷದ ಪ್ರತಿಯೇ ನಿಮ್ಮಲ್ಲಿದ್ದರೆ ಐದನೆಯ ಅಂಕಣದ ಬೆಲೆ ತಿಳಿಯುತ್ತದೆ.

ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗಾಗಿ ಒಂಬತ್ತನೆಯ ಅಂಕಣವೊಂದರಲ್ಲಿ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿಯೂ ಬರೆದಿಡುವುದು ಅವಮಾನದ ವಿಷಯವಲ್ಲ. ನಾಳೆ ಆ ಪಟ್ಟಿಯನ್ನು ತೆರೆಯುವವರು ಅವರೇ.

ನಿತ್ಯದ ಕಿರಿಕಿರಿಗಳು

ಯಂತ್ರದೊಡನೆ ಬಾಳುವವರಿಗೆ ದಿನವೂ ಒಂದಲ್ಲ ಒಂದು ತೊಡಕು. ಪುಸ್ತಕಪಟ್ಟಿಯ ವಿಷಯದಲ್ಲಿ ನಾವು ಪದೇ ಪದೇ ಎದುರಿಸಿದವು ಇವು.

ಹುಡುಕಿದರೆ ಸಿಗದಿರುವುದು: 'ಕಾರ್ನಾಡ' ಮತ್ತು 'ಕಾರ್ನಾಡ್' ನಮಗೆ ಒಬ್ಬರೇ, ಯಂತ್ರಕ್ಕೆ ಇಬ್ಬರು. ಒತ್ತು ಬರುವಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಸೇರಿಕೊಂಡರೆ ನೋಟಕ್ಕೆ ಒಂದೇ ಆಗಿರುವ ಪದವೂ ಸಿಗುವುದಿಲ್ಲ. ಪೂರ್ಣ ಹೆಸರಿನ ಬದಲು ಮೊದಲ ಎರಡು ಅಕ್ಷರಗಳನ್ನು ಮಾತ್ರ ಕೊಟ್ಟು ಹುಡುಕುವುದು ಸುಲಭೋಪಾಯ.

ಅಕಾರಾದಿ ಕ್ರಮ: ಯೂನಿಕೋಡಿನ ಸಂಕೇತಕ್ರಮದಲ್ಲಿ 'ಳ' ಅಕ್ಷರವು 'ಲ' ಆದ ಕೂಡಲೇ, 'ವ'ಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯದು. ಆದ್ದರಿಂದ ಕೇವಲ ಸಂಕೇತಕ್ರಮದಲ್ಲಿ ಜೋಡಿಸುವ ತಂತ್ರಾಂಶದಲ್ಲಿ 'ಬೆಳಕು' ಎಂದು ಆರಂಭವಾಗುವ ಪುಸ್ತಕ 'ಬೆಸುಗೆ'ಗಿಂತ ಮೊದಲೇ ಕುಳಿತಿರುತ್ತದೆ.

ಬಾರ್‌ಕೋಡ್: ಮೊಬೈಲಿನ ಕ್ಯಾಮೆರಾ ತೋರಿಸಿದರೆ ಪುಸ್ತಕದ ವಿವರ ತಾನಾಗಿ ಬರುವ ಸೌಲಭ್ಯವಿದೆ. ಅದು ಐಎಸ್‌ಬಿಎನ್ ಸಂಖ್ಯೆಯನ್ನು ಅವಲಂಬಿಸಿದೆ. ಈ ಸಂಖ್ಯೆ 2006ರ ಕೊನೆಯವರೆಗೆ 10 ಅಂಕಿಗಳದಾಗಿದ್ದು, 2007ರಿಂದ 13 ಅಂಕಿಗಳದಾಯಿತು. ನಮ್ಮ ಕಪಾಟಿನ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹುಪಾಲಿಗೆ ಈ ಸಂಖ್ಯೆಯೇ ಇಲ್ಲ. ಇದ್ದರೂ ಎಷ್ಟೋ ಬಾರಿ ಹೆಸರು ರೋಮನ್ ಲಿಪಿಯಲ್ಲಿ ವಿಚಿತ್ರ ಕಾಗುಣಿತದಲ್ಲಿ ಬರುತ್ತದೆ. ಕೈಯಿಂದ ಬರೆಯುವುದು ತಪ್ಪುವುದಿಲ್ಲ.

ಮಾತು ಕೇಳಿ ಬರೆಯುವ ಮೊಬೈಲು: ಬೆರಳಿಗೆ ವಿರಾಮ ಕೊಡುವ ಒಳ್ಳೆಯ ಸೌಲಭ್ಯ. ಆದರೆ ನಾವು 'ಮೂಕಜ್ಜಿಯ ಕನಸುಗಳು' ಎಂದರೆ ಅದು 'ಮೂಗಜ್ಜಿ' ಎಂದು ಬರೆದುಕೊಂಡಿತು. ಕಾರಂತರ ಕ್ಷಮೆ ಕೋರಿ ತಿದ್ದಿದೆವು. ಪ್ರತಿ ಸಾಲನ್ನೂ ಓದಿ ನೋಡದೆ ಮುಂದುವರಿಯಬಾರದು.

ಮುಚ್ಚಿಹೋಗುವ ತಾಣಗಳು: ಓದುಗರು ಪಟ್ಟಿ ಇಟ್ಟುಕೊಳ್ಳಲೆಂದೇ ಅಂತರಜಾಲ ತಾಣಗಳು ಹುಟ್ಟಿದವು. 2005ರಲ್ಲಿ ಲೈಬ್ರರಿಥಿಂಗ್, 2006ರಲ್ಲಿ ಶೆಲ್ಫಾರಿ, 2007ರಲ್ಲಿ ಗುಡ್‌ರೀಡ್ಸ್ ಬಂದವು. ಶೆಲ್ಫಾರಿಯನ್ನು 2008ರಲ್ಲಿ ಅಮೆಜಾನ್ ಕೊಂಡಿತು. 2016ರಲ್ಲಿ ಅದು ಮುಚ್ಚಿತು. ಇಂಥ ತಾಣಗಳನ್ನು ಬಳಸಬಾರದೆಂದಲ್ಲ. ಪಟ್ಟಿಯ ಒಂದು ಪ್ರತಿಯನ್ನು ಆಗಾಗ ಇಳಿಸಿಕೊಂಡು ನಮ್ಮ ಬಳಿ ಇಟ್ಟುಕೊಳ್ಳಬೇಕು.

ಗುಪ್ತಪದ: ಇದು ಎಲ್ಲಕ್ಕಿಂತ ದೊಡ್ಡ ತೊಡಕು. ನಮ್ಮ ಮಿತ್ರರ ಮೊಬೈಲಿನಲ್ಲಿ ಕಪಾಟುಗಳ ಚಿತ್ರಗಳಿದ್ದವಂತೆ. ಅದರ ಗುಪ್ತಪದ ಅವರೊಡನೆಯೇ ಹೋಯಿತು.

ಉಳಿಸುವ ಬಗೆ

ಪಟ್ಟಿಯನ್ನು ವಿಸ್ತರಣ ಹಾಳೆಯಲ್ಲಿ, ಅಂದರೆ ಎಕ್ಸೆಲ್‌ನಂತಹ ತಂತ್ರಾಂಶದಲ್ಲಿ ಬರೆದರೂ, ವರ್ಷಕ್ಕೊಮ್ಮೆ ಸರಳ ಪಠ್ಯ ಕಡತವಾಗಿಯೂ ಉಳಿಸಿಡಬೇಕು. ಉಳಿಸುವಾಗ 'ಯುಟಿಎಫ್-8' ಎಂಬ ಆಯ್ಕೆ ಇರಲಿ; ಇಲ್ಲವಾದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುವ ಅಪಾಯವಿದೆ. ಸ್ಥಳದ ಚಿಂತೆ ಬೇಡ. ಈ ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಸಾಕು. ಪುಸ್ತಕಕ್ಕೆ ನೂರು ಸಂಕೇತಗಳಂತೆ ಸಾವಿರ ಪುಸ್ತಕಗಳ ಪಟ್ಟಿ ಸುಮಾರು 300 ಕಿಲೋಬೈಟ್ ಆಗುತ್ತದೆ. ಅಂದಿನ 1.44 ಮೆಗಾಬೈಟಿನ ಫ್ಲಾಪಿಯಲ್ಲಿಯೂ ಅದು ನಾಲ್ಕು ಬಾರಿ ಹಿಡಿಸುತ್ತಿತ್ತು.

ಮೂರು ಪ್ರತಿಗಳಿರಲಿ: ಗಣಕದಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಬೇರೆ ಊರಿನಲ್ಲಿರುವ ಮಗ, ಮಗಳು ಅಥವಾ ಬಂಧುವಿನ ಇ-ಮೇಲ್‌ನಲ್ಲಿ ಒಂದು. ಇವುಗಳ ಜೊತೆಗೆ ಕಾಗದದ ಮೇಲೆ ಮುದ್ರಿಸಿ ಕಪಾಟಿನಲ್ಲಿಯೇ ಇಡಿ. ಬ್ಯಾಂಕಿಗೆ ಗಣಕಯಂತ್ರ ಬಂದ ಹೊಸದರಲ್ಲಿ ನಾವು ಕೆಲವು ಕಾಲ ಲೆಡ್ಜರನ್ನೂ ಯಂತ್ರವನ್ನೂ ಜೊತೆಜೊತೆಗೆ ನಡೆಸಿದೆವು. ಸಂಜೆ ಎರಡರ ಮೊತ್ತವೂ ತಾಳೆಯಾದ ಮೇಲೆಯೇ ಮನೆಗೆ ಹೊರಡುತ್ತಿದ್ದೆವು. ಅಂದು ಅದು ಇಮ್ಮಡಿ ದುಡಿಮೆ ಎಂದು ಗೊಣಗಿದ್ದುಂಟು. ಇಂದು ಅದರ ವಿವೇಕ ಅರಿವಾಗುತ್ತಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿ ಎಲ್ಲಿದೆ, ಅದನ್ನು ತೆರೆಯುವುದು ಹೇಗೆ ಎಂಬುದನ್ನು ಮನೆಯ ಇನ್ನೊಬ್ಬರಿಗೆ ಹೇಳಿಡಿ.

ಕೊನೆಯ ಅಂಕಣ

ನಮ್ಮ ಮಿತ್ರರ ಪಟ್ಟಿಯನ್ನು ಎರಡು ಭಾನುವಾರ ಕುಳಿತು ಯೂನಿಕೋಡಿಗೆ ತಂದೆವು. ಕೊನೆಯ ಅಂಕಣದಲ್ಲಿ ಅವರು ತಮ್ಮ ನಂತರ ಯಾವ ಪುಸ್ತಕ ಯಾರಿಗೆ ಸೇರಬೇಕೆಂದು ಬರೆದಿಟ್ಟಿದ್ದರು. ನಿಘಂಟುಗಳು ಸಂಘದ ಗ್ರಂಥಾಲಯಕ್ಕೆ, ಮಕ್ಕಳ ಕಥೆಗಳು ಮೊಮ್ಮಗನಿಗೆ, ತ್ರಿವೇಣಿಯವರ ಕಾದಂಬರಿಗಳು ಪತ್ನಿಯ ಬಳಿಯೇ. ಮಗಳು ಕೆಟ್ಟಿದೆಯೆಂದು ಅಳಿಸಿಬಿಡುತ್ತಿದ್ದುದು ತಂದೆಯ ಉಯಿಲನ್ನು. ನಾವು ಒಂದೊಂದೇ ಸಾಲನ್ನು ಓದಿ ಹೇಳುತ್ತಿದ್ದೆವು, ಅವಳು ಕೇಳುತ್ತಿದ್ದಳು.

ಎರವಲಿನ ಅಂಕಣದಲ್ಲಿ ನಮ್ಮ ಹೆಸರೂ ಎರಡು ಕಡೆ ಇತ್ತು. ಒಂದು 2004ರದು, ಇನ್ನೊಂದು 2011ರದು. ಮನೆಗೆ ಬಂದು ನಮ್ಮ ಕಪಾಟನ್ನು ಹುಡುಕಿದಾಗ ಎರಡೂ ಪುಸ್ತಕಗಳು ದೊರೆತವು. ಒಳಪುಟದಲ್ಲಿ ಅವರು ಪೆನ್ಸಿಲಿನಿಂದ ಬರೆದ ಕ್ರಮಸಂಖ್ಯೆ ಇನ್ನೂ ಮಾಸಿರಲಿಲ್ಲ. ಮರುದಿನವೇ ಅವರ ಮನೆಗೆ ಮುಟ್ಟಿಸಿ, ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ 'ಹಿಂತಿರುಗಿಸಲಾಗಿದೆ' ಎಂದು ಬರೆಯಿಸಿ ಬಂದೆವು.