ದೇಹದ ತೂಕಕ್ಕೂ ಔಷಧದ ಪ್ರಮಾಣಕ್ಕೂ ಏನು ಸಂಬಂಧ?

ಜ್ವರಕ್ಕೆಂದು 650 ಮಿ.ಗ್ರಾಂ. ಪ್ಯಾರಾಸಿಟಮಾಲ್ ಮಾತ್ರೆಯನ್ನು 80 ಕಿಲೋ ತೂಕದವರು ನುಂಗಿದರೆ, ಅವರ ದೇಹಕ್ಕೆ ಕಿಲೋಗೆ ಸುಮಾರು 8 ಮಿ.ಗ್ರಾಂ. ಔಷಧ ಸಿಗುತ್ತದೆ. ಅದೇ ಮಾತ್ರೆಯನ್ನು 40 ಕಿಲೋ ತೂಕದ ಅಜ್ಜಿ ನುಂಗಿದರೆ ಕಿಲೋಗೆ 16 ಮಿ.ಗ್ರಾಂ. ಮಾತ್ರೆ ಒಂದೇ ಆದರೂ ದೇಹಕ್ಕೆ ಸಿಕ್ಕ ಪ್ರಮಾಣ ಎರಡು ಪಟ್ಟು. ಹಾಗಾದರೆ ಎಲ್ಲ ಔಷಧವನ್ನೂ ತೂಕ ನೋಡಿಯೇ ಕೊಡಬೇಕೆ? ಇಲ್ಲ. ಕೆಲವು ಔಷಧಗಳಿಗೆ ತೂಕ ಬಹಳ ಮುಖ್ಯ, ಕೆಲವಕ್ಕೆ ಅಷ್ಟಿಲ್ಲ. ಈ ವ್ಯತ್ಯಾಸ ತಿಳಿಯದೆ ಮನೆಯಲ್ಲೇ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ಅಪಾಯ.

ತೂಕ ಏಕೆ ಲೆಕ್ಕಕ್ಕೆ ಬರುತ್ತದೆ?

ಒಂದು ಲೋಟ ಸಾರಿಗೆ ಒಂದು ಚಮಚ ಉಪ್ಪು ಹೆಚ್ಚಾಗುತ್ತದೆ, ಅದೇ ಉಪ್ಪು ದೊಡ್ಡ ಪಾತ್ರೆಯ ಸಾರಿಗೆ ಸಾಲದೇ ಹೋಗಬಹುದು. ಔಷಧವೂ ಹಾಗೆಯೇ. ದೇಹ ದೊಡ್ಡದಿದ್ದಷ್ಟೂ ಔಷಧ ಹರಡಲು ಜಾಗ ಹೆಚ್ಚು.

ಆದರೆ ತೂಕದ ಯಂತ್ರ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಹೇಳುವುದಿಲ್ಲ. ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ನೀರಿನಲ್ಲಿ ಕರಗುತ್ತದೆ, ಕೊಬ್ಬಿನೊಳಗೆ ಹೆಚ್ಚು ಹೋಗುವುದಿಲ್ಲ. ಸ್ಥೂಲಕಾಯದವರಿಗೆ ಪೂರ್ತಿ ತೂಕದ ಲೆಕ್ಕದಲ್ಲಿ ಇದನ್ನು ಕೊಟ್ಟರೆ ಪ್ರಮಾಣ ಮಿತಿಮೀರಿ ಕಿಡ್ನಿಗೂ ಕಿವಿಗೂ ಹಾನಿಯಾಗಬಹುದು. ಹಾಗಾಗಿ ವೈದ್ಯರು ಹೊಂದಿಸಿದ ತೂಕವೊಂದನ್ನು ಬಳಸುತ್ತಾರೆ. ಡಯಾಜೆಪಾಮ್ ಇದಕ್ಕೆ ವಿರುದ್ಧ. ಅದು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ.

ಔಷಧವನ್ನು ದೇಹದಿಂದ ಹೊರಹಾಕುವ ಕೆಲಸ ಮುಖ್ಯವಾಗಿ ಲಿವರ್ ಮತ್ತು ಕಿಡ್ನಿಯದು. ಒಂದೇ ತೂಕದ ಇಬ್ಬರಲ್ಲಿ ಒಬ್ಬರ ಕಿಡ್ನಿ ದುರ್ಬಲವಾಗಿದ್ದರೆ ಇಬ್ಬರಿಗೂ ಒಂದೇ ಪ್ರಮಾಣ ಹೊಂದದೇ ಇರಬಹುದು.

ಮಕ್ಕಳಲ್ಲಿ ಎಚ್ಚರ ಏಕೆ?

ಮಕ್ಕಳಿಗೆ ಪ್ಯಾರಾಸಿಟಮಾಲ್ ಪ್ರಮಾಣ ಸಾಮಾನ್ಯವಾಗಿ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ಎರಡು ಡೋಸ್‌ಗಳ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರವಿರಬೇಕು, 24 ಗಂಟೆಯಲ್ಲಿ 4 ಸಲ ಮೀರಬಾರದು. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 100ರಿಂದ 150 ಮಿ.ಗ್ರಾಂ. ಆದರೆ ಅಂಗಡಿಯಲ್ಲಿ ಸಿಗುವ ಬಾಟಲಿಗಳು ಒಂದೇ ಬಗೆಯವಲ್ಲ:

• 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್: 4ರಿಂದ 6 ಮಿ.ಲೀ.
• 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಸಿರಪ್: 2ರಿಂದ 3 ಮಿ.ಲೀ.
• 1 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್: 1ರಿಂದ 1.5 ಮಿ.ಲೀ.

ಪುಣೆಯಲ್ಲಿ ಕೊಳ್ಳುತ್ತಿದ್ದ ಸಿರಪ್ ಮೊದಲ ಬಗೆಯದು, ರಜೆಗೆ ಊರಿಗೆ ಹೋದಾಗ ಸಿಕ್ಕಿದ್ದು ಎರಡನೆಯದು ಎಂದುಕೊಳ್ಳಿ. "ಯಾವಾಗಲೂ 5 ಮಿ.ಲೀ. ಕೊಡುತ್ತೇವೆ" ಎಂದು ಅಷ್ಟೇ ಕೊಟ್ಟರೆ ಔಷಧ ಎರಡು ಪಟ್ಟಾಯಿತು. ಡ್ರಾಪ್ಸ್ 5 ಮಿ.ಲೀ. ಕೊಟ್ಟರೆ ನಾಲ್ಕು ಪಟ್ಟು. ಹೀಗೆ ಮತ್ತೆ ಮತ್ತೆ ಕೊಟ್ಟರೆ ಮಗುವಿನ ಲಿವರ್ ಕೆಡಬಹುದು. ಕೆಲವು ಶೀತದ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಲೇಬಲ್ ಓದದೆ ಎರಡನ್ನೂ ಒಟ್ಟಿಗೆ ಕೊಡಬೇಡಿ.

ಕ್ಷಯರೋಗದ ಮಾತ್ರೆ ಒಬ್ಬರಿಗೆ 3, ಇನ್ನೊಬ್ಬರಿಗೆ 4 ಏಕೆ?

ಭಾರತದ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ, ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯಕ್ಕೆ ವಯಸ್ಕರ ದಿನದ ಮಾತ್ರೆಗಳ ಸಂಖ್ಯೆಯನ್ನು ತೂಕ ನೋಡಿ ನಿಗದಿ ಮಾಡುತ್ತಾರೆ. 25ರಿಂದ 34 ಕಿಲೋ ಇದ್ದರೆ 2, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4, 65ರಿಂದ 75ಕ್ಕೆ 5, ಅದಕ್ಕೂ ಹೆಚ್ಚಿದ್ದರೆ 6. ಪ್ರಮಾಣ ಕಡಿಮೆಯಾದರೆ ರೋಗಾಣು ಉಳಿದುಕೊಂಡು ಔಷಧಕ್ಕೆ ಬಗ್ಗದಂತಾಗಬಹುದು. ಹೆಚ್ಚಾದರೆ ಲಿವರ್‌ಗೆ, ಎಥಾಂಬುಟಾಲ್‌ನಿಂದ ಕಣ್ಣಿಗೆ ತೊಂದರೆಯಾಗಬಹುದು. ಗುಣವಾಗುತ್ತಾ ಬಂದಂತೆ ರೋಗಿಯ ತೂಕ ಏರುತ್ತದೆ, ಆಗ ಮಾತ್ರೆಯ ಸಂಖ್ಯೆ ಬದಲಾಗಬೇಕಾಗಬಹುದು. ಆದ್ದರಿಂದ ಚಿಕಿತ್ಸೆಯ ನಡುವೆಯೂ ತೂಕ ನೋಡಿಸುತ್ತಿರಬೇಕು.

ತೂಕ ಮುಖ್ಯವಲ್ಲದ ಔಷಧಗಳು ಯಾವುವು?

ವಯಸ್ಕರಿಗೆ ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಪ್ರಮಾಣವನ್ನು ನಿರ್ಧರಿಸುವುದು ಬಿ.ಪಿ. ಎಷ್ಟು ಇಳಿಯಿತು ಎಂಬುದರ ಮೇಲೆ. ಮೆಟ್‌ಫಾರ್ಮಿನ್‌ಗೆ ಸಕ್ಕರೆಯ ಮಟ್ಟ ಮತ್ತು ಕಿಡ್ನಿಯ ಸ್ಥಿತಿ ನೋಡುತ್ತಾರೆ. ವಾರ್ಫರಿನ್‌ಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯೇ ಆಧಾರ. "ನನ್ನದು ದೊಡ್ಡ ಶರೀರ, ಎರಡು ಮಾತ್ರೆ ಬೇಕು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ನೀವು ಮಾಡಬೇಕಾದದ್ದು

• ಮಗುವಿನ ಇತ್ತೀಚಿನ ತೂಕವನ್ನು ಬರೆದಿಟ್ಟುಕೊಳ್ಳಿ. ಕಳೆದ ವರ್ಷದ ಚೀಟಿಯ ಡೋಸ್ ಮತ್ತೆ ಬಳಸಬೇಡಿ.
• ಬಾಟಲಿ ಬದಲಾದಾಗಲೆಲ್ಲ 1 ಅಥವಾ 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಎಂದು ಓದಿ. ಅಡುಗೆಮನೆಯ ಚಮಚ ಬಿಟ್ಟು, ಜೊತೆಗೆ ಬಂದ ಅಳತೆ ಕಪ್ ಅಥವಾ ಸಿರಿಂಜ್‌ನಲ್ಲಿ ಅಳೆಯಿರಿ.
• ವಯಸ್ಕರಾದರೂ 50 ಕಿಲೋಗಿಂತ ಕಡಿಮೆ ಇದ್ದರೆ ಪ್ಯಾರಾಸಿಟಮಾಲ್ ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬಹುದು ಎಂದು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ.
• ತೂಕ ಬಹಳ ಇಳಿದಿದ್ದರೆ ಅಥವಾ ಏರಿದ್ದರೆ ವೈದ್ಯರಿಗೆ ನೀವಾಗಿಯೇ ತಿಳಿಸಿ.
• ಔಷಧ ಹೆಚ್ಚಾಗಿದೆ ಎಂಬ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯಬೇಡಿ. ಪ್ಯಾರಾಸಿಟಮಾಲ್ ಮಿತಿಮೀರಿದರೂ ಮೊದಲ ದಿನ ಮಗು ಆರಾಮಾಗಿ ಕಾಣಬಹುದು. ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಲಿವರ್ ಉಳಿಯುವ ಸಾಧ್ಯತೆ ಹೆಚ್ಚು.