ಪಹಣಿಯಲ್ಲಿ ಕಾಣದ ಹಕ್ಕು: ಜಾವಾ ಹಳ್ಳಿಗಳ ಆಸ್ತಿಪಾಸ್ತಿ

ಜಾವಾ ಎಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬೊರೊಬುದುರ್ ಸ್ತೂಪವೂ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯೂ ನೆನಪಾಗಬಹುದು. ನಿವೃತ್ತಿಯ ನಂತರದ ಬಿಡುವಿನಲ್ಲಿ ನಾನು ಆ ದ್ವೀಪದ ರೈತಾಪಿ ಜನರ ಚರಿತ್ರೆಯನ್ನು ಓದುತ್ತ ಬಂದಿದ್ದೇನೆ. ಅಲ್ಲಿನ ಶಾಂತವಾದ ಹಳ್ಳಿಗಳಲ್ಲಿ "ಈ ನೆಲ ಯಾರದು?" ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳಲ್ಲಿ ದೊರೆತ ಉತ್ತರಗಳನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ವಿಸ್ತೀರ್ಣದಲ್ಲಿ ಜಾವಾ ನಮ್ಮ ಕರ್ನಾಟಕದ ಮೂರನೆಯ ಎರಡು ಪಾಲಿನಷ್ಟಿದೆ. ಜನಸಂಖ್ಯೆಯಾದರೋ 1930ರಲ್ಲಿ ಮದುರಾ ದ್ವೀಪವೂ ಸೇರಿ ಸುಮಾರು 4 ಕೋಟಿ 17 ಲಕ್ಷವಿದ್ದದ್ದು 2020ರ ಜನಗಣತಿಯಲ್ಲಿ 15 ಕೋಟಿಯನ್ನು ದಾಟಿತು. ಜ್ವಾಲಾಮುಖಿಗಳ ಬೂದಿ ಬಿದ್ದು ಹದವಾದ ಮಣ್ಣು ಮತ್ತು ಬೆಟ್ಟದಿಂದ ಇಳಿದು ಬರುವ ನೀರು ಇಷ್ಟು ಜನರನ್ನು ಸಾಕಿವೆ. ಹಳ್ಳಿಯ ನೆಲದಲ್ಲಿ ಮೂರು ಬಗೆ. ನೀರು ಕಟ್ಟಿ ಭತ್ತ ಬೆಳೆಯುವ ಗದ್ದೆ 'ಸಾವಾ'. ಮಳೆಯಾಶ್ರಯದ ಬೆದ್ದಲು 'ತೆಗಾಲನ್'. ತೆಂಗು, ಬಾಳೆ, ಹಲಸು, ಗೆಡ್ಡೆಗೆಣಸು, ಔಷಧದ ಗಿಡ ಎಲ್ಲವೂ ಒತ್ತೊತ್ತಾಗಿ ಬೆಳೆಯುವ ಮನೆಯ ಹಿತ್ತಲು 'ಪೆಕಾರಂಗನ್'.

ಹಳೆಯ ಜಾವಾದಲ್ಲಿ ಗದ್ದೆ ಉಳ್ಳವನಾಗುವುದೆಂದರೆ ಕೇವಲ ಸುಖವಲ್ಲ, ಹೊರೆಯೂ ಹೌದು. ಮನೆ, ಹಿತ್ತಲು, ಗದ್ದೆ ಮೂರೂ ಇದ್ದವನೇ ಊರಿನ ಪೂರ್ಣ ಸದಸ್ಯ. ದೊರೆಗೆ, ಅಧಿಕಾರಿಗೆ ಬಿಟ್ಟಿ ದುಡಿಮೆ ಸಲ್ಲಿಸಬೇಕಾದವನೂ ಅವನೇ. ಅವನ ಕೆಳಗೆ ಬರೀ ಹಿತ್ತಲು ಉಳ್ಳವರು, ಅವರಿಗೂ ಕೆಳಗೆ ಪರರ ಹಿತ್ತಲಿನಲ್ಲಿ ಗುಡಿಸಲು ಕಟ್ಟಿಕೊಂಡವರು. ಊರ ಮುಖ್ಯಸ್ಥನಾದ 'ಲುರಾ' ಮತ್ತು ಅವನ ಸಹಾಯಕರಿಗೆ ಸಂಬಳದ ಬದಲು 'ಬೆಂಗ್ಕೊಕ್' ಎಂಬ ಭೂಮಿ. ನಮ್ಮ ಪಟೇಲ ಶಾನುಭೋಗರ ಉಂಬಳಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕುಟುಂಬದೊಳಗಿನ ಆಸ್ತಿಯ ಕ್ರಮ ನನಗೆ ವಿಶೇಷವಾಗಿ ಕಂಡಿತು. ಹೆಣ್ಣುಮಕ್ಕಳಿಗೆ ಅಲ್ಲಿ ಹಿಂದಿನಿಂದಲೂ ಪಾಲುಂಟು. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಎಂಬ ರೂಢಿಯನ್ನು ಅವರು ಹೊರೆ ಹೊರುವ ರೀತಿಯಿಂದ ವರ್ಣಿಸುತ್ತಾರೆ: ಗಂಡಸು ಅಡ್ಡೆಯ ಎರಡು ತುದಿಗೂ ಬುಟ್ಟಿ ಕಟ್ಟಿ ಹೊರುತ್ತಾನೆ, ಹೆಂಗಸು ಬೆನ್ನಿಗೆ ಒಂದೇ ಬುಟ್ಟಿ ಕಟ್ಟಿಕೊಳ್ಳುತ್ತಾಳೆ. ಎಷ್ಟೋ ಕಡೆ ಎಲ್ಲ ಮಕ್ಕಳಿಗೂ ಸಮಪಾಲು ಕೊಡುವುದೂ ಉಂಟು. ಮದುವೆಯ ಮೊದಲು ತಂದದ್ದು ತಂದವರದೇ. ಮದುವೆಯ ನಂತರ ಕೂಡಿ ಗಳಿಸಿದ್ದು 'ಗೊನೊಗಿನಿ', ಬೇರೆಯಾದರೆ ಇಬ್ಬರಿಗೂ ಹಂಚಿಕೆ. ಮನೆಯ ಹಣದ ಗಂಟು ಸಾಮಾನ್ಯವಾಗಿ ಹೆಂಡತಿಯ ಬಳಿ ಇರುತ್ತದೆ.

ಈ ವ್ಯವಸ್ಥೆಯ ನಡುವೆ ನಮ್ಮ ಸೀಮೆಗೆ ಪರಿಚಿತನಾದ ಒಬ್ಬ ವ್ಯಕ್ತಿ ಪ್ರವೇಶಿಸುತ್ತಾನೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರು ಸೀಮೆಯನ್ನು ಮೋಜಣಿ ಮಾಡಿದ, ನಮ್ಮ ಊರೂರುಗಳ ಕೈಫಿಯತ್ತುಗಳನ್ನು ಬರೆಯಿಸಿದ ಕರ್ನಲ್ ಕಾಲಿನ್ ಮೆಕೆಂಝಿಯೇ ಆತ. 1811ರಲ್ಲಿ ಬ್ರಿಟಿಷರು ಡಚ್ಚರಿಂದ ಜಾವಾವನ್ನು ಕಸಿದುಕೊಂಡಾಗ ಅವನೂ ಸೈನ್ಯದೊಡನೆ ಅಲ್ಲಿಗೆ ಹೋದನು. ಭೂಹಿಡುವಳಿಯನ್ನು ವಿಚಾರಿಸುವ ಸಮಿತಿಯ ಅಧ್ಯಕ್ಷನಾದನು. ಅಲ್ಲಿನ ಆಡಳಿತಗಾರ ಸ್ಟ್ಯಾಂಫರ್ಡ್ ರಾಫಲ್ಸ್ 1813ರಿಂದ ಭೂಕಂದಾಯ ಪದ್ಧತಿಯನ್ನು ಜಾರಿಗೆ ತಂದನು. ಮದರಾಸು ಪ್ರಾಂತ್ಯದ ರಯತವಾರಿಯ ಅನುಭವ ಅವನ ಕಣ್ಣೆದುರಿತ್ತು. ನೆಲದ ಒಡೆಯ ಸರ್ಕಾರ, ರೈತ ಅದರ ಗೇಣಿದಾರ ಎಂಬುದು ಅವನ ಸೂತ್ರ. ಉತ್ತಮ ಗದ್ದೆಗೆ ಬೆಳೆಯ ಅರ್ಧ, ಮಧ್ಯಮಕ್ಕೆ ಐದನೆಯ ಎರಡು, ಕನಿಷ್ಠಕ್ಕೆ ಮೂರನೆಯ ಒಂದು ಪಾಲು ಕಂದಾಯ.

1816ರಲ್ಲಿ ಡಚ್ಚರು ಮರಳಿದರು. ರಾಜಕುಮಾರ ದಿಪೊನೆಗೊರೊನ ನಾಯಕತ್ವದಲ್ಲಿ 1825ರಿಂದ 1830ರವರೆಗೆ ನಡೆದ ಯುದ್ಧ ಅವರ ಬೊಕ್ಕಸವನ್ನು ಬರಿದು ಮಾಡಿತು. ಆಗ ಬಂದ ಗವರ್ನರ್ ಜನರಲ್ ವಾನ್ ಡೆನ್ ಬಾಷ್ 'ಬೇಸಾಯ ಪದ್ಧತಿ'ಯನ್ನು ಹೇರಿದನು. ಹಳ್ಳಿಯ ನೆಲದ ಐದನೆಯ ಒಂದು ಪಾಲಿನಲ್ಲಿ ಸರ್ಕಾರಕ್ಕಾಗಿ ಕಬ್ಬು, ನೀಲಿ ಮೊದಲಾದವನ್ನು ಬೆಳೆಯಬೇಕೆಂಬುದು ಕಾಗದದ ಮೇಲಿನ ನಿಯಮ. ಆಚರಣೆಯಲ್ಲಿ ಅದು ಎಷ್ಟೋ ಕಡೆ ಮೀರಿತು. 1849–50ರಲ್ಲಿ ದೆಮಾಕ್, ಗ್ರೊಬೊಗಾನ್ ಪ್ರಾಂತ್ಯಗಳಲ್ಲಿ ಜನ ಹಸಿವಿನಿಂದ ಸತ್ತರು. ಭೂಮಿ ಉಳ್ಳವನಿಗೇ ಬಿಟ್ಟಿಯ ಹೊರೆಯಾದ್ದರಿಂದ ಅನೇಕ ಊರುಗಳು ಗದ್ದೆಯನ್ನೇ ಹೆಚ್ಚು ಜನರಿಗೆ ಹಂಚಿ ಹೊರೆಯನ್ನು ಹಗುರ ಮಾಡಿಕೊಂಡವು. ಹೀಗಾಗಿ ಜಾವಾದ ಸಾಮುದಾಯಿಕ ಒಡೆತನವೆಂದು ನಂತರದ ವಿದ್ವಾಂಸರು ಕೊಂಡಾಡಿದ್ದರಲ್ಲಿ ಒಂದು ಭಾಗ ಪುರಾತನವಲ್ಲ, ಬಿಟ್ಟಿಯ ಫಲ. 1870ರ ಕಾಯಿದೆಯು ಒಡೆತನ ಸಾಬೀತಾಗದ ನೆಲವೆಲ್ಲ ಸರ್ಕಾರದ್ದೆಂದು ಸಾರಿತು.

ಇಷ್ಟೆಲ್ಲ ದಫ್ತರಗಳಲ್ಲಿ ದಾಖಲಾಗದ ಇನ್ನೊಂದು ಹಕ್ಕಿತ್ತು. ಈ ಬರಹದ ಹುರುಳು ಅದೇ.

'ಅನಿ‑ಅನಿ' ಎಂಬುದೊಂದು ಪುಟ್ಟ ಕತ್ತಿ. ಸಣ್ಣ ಮರದ ತುಂಡಿಗೆ ಕೂರಿಸಿದ ಬೆರಳುದ್ದದ ಅಲಗು, ಅಂಗೈಯೊಳಗೆ ಅಡಗುತ್ತದೆ. ಹೆಂಗಸರು ಅದರಿಂದ ಭತ್ತದ ತೆನೆಯನ್ನು ಒಂದೊಂದಾಗಿ ಕೊಯ್ಯುತ್ತಿದ್ದರು. ಭತ್ತದ ದೇವಿಯಾದ 'ದೇವಿ ಶ್ರೀ' ಬೆದರಬಾರದೆಂದು ಹಾಗೆ ಮಾಡುವರೆಂಬ ನಂಬಿಕೆಯಿತ್ತು. ಹಳೆಯ ತಳಿಗಳ ಪೈರು ಎತ್ತರವಾಗಿ ಏರುಪೇರಾಗಿ ಬೆಳೆದು ಒಟ್ಟಿಗೆ ಮಾಗದಿದ್ದುದರಿಂದ ಅದು ಅನುಕೂಲವೂ ಆಗಿತ್ತು. ಕೊಯ್ಲಿನ ದಿನ ಊರಿನ ಯಾವ ಹೆಂಗಸು ಬಂದರೂ ಗದ್ದೆಯ ಒಡೆಯ ಬೇಡವೆನ್ನುವಂತಿರಲಿಲ್ಲ. ಕೊಯ್ದದ್ದರಲ್ಲಿ ಇಂತಿಷ್ಟು ಪಾಲು ಅವಳದು. ಅದರ ಹೆಸರು 'ಬಾವೊನ್'. ಬಂಧುಗಳಿಗೆ, ನೆರೆಯವರಿಗೆ ಪಾಲು ಹೆಚ್ಚು, ದೂರದವರಿಗೆ ಕಡಿಮೆ. ಗೇಣು ನೆಲವಿಲ್ಲದ ಮನೆಯ ಅನ್ನದ ದಾರಿ ಅದು. ಅದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಆದರೂ ಊರೆಲ್ಲ ಒಪ್ಪಿದ ಆಸ್ತಿ.

ಸ್ವಾತಂತ್ರ್ಯಾನಂತರ 1960ರಲ್ಲಿ ಇಂಡೋನೇಷ್ಯಾ ಮೂಲ ಭೂ ಕಾಯಿದೆಯನ್ನು ಮಾಡಿತು. ಜನನಿಬಿಡ ಪ್ರದೇಶಗಳಲ್ಲಿ ಒಂದು ಕುಟುಂಬಕ್ಕೆ 5 ಹೆಕ್ಟೇರ್ ಗದ್ದೆಯೇ ಮಿತಿ ಎಂದಾಯಿತು. ನಮ್ಮಲ್ಲಿ 1974ರಲ್ಲಿ ಬಲಗೊಂಡ 'ಉಳುವವನೇ ಹೊಲದೊಡೆಯ' ಎಂಬ ಮಾತನ್ನು ಇದು ನೆನಪಿಸುತ್ತದೆ. ಆದರೆ ಅಲ್ಲಿ ಜಾರಿ ನಿಧಾನವಾಯಿತು. ಕಮ್ಯುನಿಸ್ಟ್ ಪಕ್ಷದ ರೈತ ಸಂಘಟನೆ 1964ರಲ್ಲಿ ತಾನೇ ಗದ್ದೆಗಳಿಗಿಳಿಯಿತು. ಊರುಗಳು ಎರಡಾಗಿ ಸೀಳಿದವು. 1965ರ ಸೆಪ್ಟೆಂಬರ್ ಕೊನೆಯ ರಾತ್ರಿ ರಾಜಧಾನಿಯಲ್ಲಿ ಸೇನಾಧಿಕಾರಿಗಳ ಅಪಹರಣ, ಹತ್ಯೆ ನಡೆದ ಬಳಿಕ ಸೈನ್ಯದ ಬೆಂಬಲದಿಂದ ದೇಶದಾದ್ಯಂತ ಸಂಹಾರ ನಡೆಯಿತು. ಮಧ್ಯ ಜಾವಾ, ಪೂರ್ವ ಜಾವಾ, ಬಾಲಿಗಳಲ್ಲಿ ಅದು ಘೋರವಾಗಿತ್ತು. ಸತ್ತವರು ಐದು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಬಹುತೇಕ ಇತಿಹಾಸಕಾರರ ಅಂದಾಜು. ಕೊಂದವರೂ ಸತ್ತವರೂ ಎಷ್ಟೋ ವೇಳೆ ಒಂದೇ ಊರಿನವರು. ಅನಂತರ ಹಳ್ಳಿಯಲ್ಲಿ "ನನ್ನ ಪಾಲು ಕೊಡಿ" ಎಂದು ಬಾಯಿಬಿಟ್ಟು ಕೇಳುವುದೇ ಅಪಾಯದ ಮಾತಾಯಿತು.

ಆ ಮೌನದಲ್ಲಿಯೇ ಹಸಿರು ಕ್ರಾಂತಿ ಬಂದಿತು. ಮೋಟು ಕಾಂಡದ ಹೊಸ ತಳಿಗಳು ಒಟ್ಟಿಗೆ ಮಾಗುತ್ತಿದ್ದವು. ಕುಡುಗೋಲಿನ ಕೊಯ್ಲಿಗೆ ಹೊಂದುತ್ತಿದ್ದವು. ಒಡೆಯರು ಪೈರನ್ನು ಗದ್ದೆಯಲ್ಲಿರುವಂತೆಯೇ ವ್ಯಾಪಾರಿಗೆ ಮಾರತೊಡಗಿದರು. ಇದಕ್ಕೆ 'ತೆಬಾಸನ್' ಎಂದು ಹೆಸರು. ವ್ಯಾಪಾರಿ ತನ್ನ ಕೆಲವೇ ಆಳುಗಳನ್ನು ಕರೆತಂದನು. ಊರಿನ ಹೆಂಗಸರನ್ನು ಬೇಡವೆನ್ನಲು ಒಡೆಯನಿಗೆ ದಾಕ್ಷಿಣ್ಯವಿತ್ತು, ಹೊರಗಿನವನಿಗೆ ಅದಿರಲಿಲ್ಲ. 1970ರ ದಶಕದ ಮೊದಲಲ್ಲೇ ಅಕ್ಕಿ ಗಿರಣಿಗಳು ಹರಡಿ, ಒರಳು ಒನಕೆಗಳಿಂದ ಕುಟ್ಟಿ ಕೂಲಿ ಪಡೆಯುತ್ತಿದ್ದ ಲಕ್ಷಾಂತರ ಹೆಂಗಸರ ಕೆಲಸವೂ ಹೋಯಿತು. 1984ರಲ್ಲಿ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಅದು ದೊಡ್ಡ ಸಾಧನೆಯೇ. ಹಸಿವಿನ ಚರಿತ್ರೆ ಓದಿದವರಾರೂ ಅದನ್ನು ಹಗುರವಾಗಿ ಕಾಣಲಾರರು. ಗಿರಣಿಯ ಅಕ್ಕಿ ಅಗ್ಗವಾದದ್ದು ಬಡವರಿಗೂ ಅನುಕೂಲವೇ. ಆದರೆ ಕಣದಿಂದಲೇ ಬರುತ್ತಿದ್ದ ಪಾಲು ಹೋದ ಮೇಲೆ ಅಗ್ಗದ ಅಕ್ಕಿಯನ್ನಾದರೂ ಕೊಳ್ಳಲು ಕಾಸು ಬೇಕಷ್ಟೆ.

ಗದ್ದೆ ಕಳೆದುಕೊಂಡವನು ನ್ಯಾಯಾಲಯಕ್ಕೆ ಹೋಗಬಹುದು, ಪತ್ರ ತೋರಿಸಬಹುದು. ಬಾವೊನ್ ಕಳೆದುಕೊಂಡವಳು ಏನನ್ನು ತೋರಿಸಬೇಕು? ಅವಳ ಹಕ್ಕನ್ನು ಯಾವ ಕಾಯಿದೆಯೂ ರದ್ದು ಮಾಡಲಿಲ್ಲ, ಏಕೆಂದರೆ ಯಾವ ಕಾಯಿದೆಯೂ ಅದನ್ನು ಗುರುತಿಸಿಯೇ ಇರಲಿಲ್ಲ. ಇಂಡೋನೇಷ್ಯಾ ಸರ್ಕಾರ 2017ರಿಂದ ದೇಶದ ತುಂಡು ತುಂಡು ನೆಲವನ್ನೂ ನೋಂದಾಯಿಸಿ ಹಕ್ಕುಪತ್ರ ಕೊಡುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಅದು ಒಳ್ಳೆಯದೇ, ಪತ್ರವಿಲ್ಲದ ರೈತನ ಪಾಡು ಏನೆಂಬುದನ್ನು ನಾವೂ ಬಲ್ಲೆವು. ಆದರೆ ಪತ್ರ ಹೇಳುವುದು ಗದ್ದೆಯ ಒಡೆಯನ ಹೆಸರನ್ನು ಮಾತ್ರ. ಆ ಗದ್ದೆಯಿಂದ ಹಿಂದೆ ಎಷ್ಟು ಮನೆಗಳ ಒಲೆ ಉರಿಯುತ್ತಿತ್ತು ಎಂಬುದನ್ನು ಅದು ಹೇಳುವುದಿಲ್ಲ. ನಿಮ್ಮಲ್ಲಿ ಹಲವರು ಇಂದು ಕಂದಾಯ, ಕೃಷಿ, ಕಾನೂನು ಇಲಾಖೆಗಳಲ್ಲಿದ್ದೀರಿ. ಮುಂದಿನ ಸಲ ಒಂದು ಪಹಣಿ ಕೈಗೆ ಬಂದಾಗ, ಅದರಲ್ಲಿ ಹೆಸರಿಲ್ಲದವರು ಯಾರು ಎಂದು ಒಮ್ಮೆ ವಿಚಾರಿಸಿ ನೋಡಿ.